ಭಾಗ್ಯಾನ ಗಾಡಿ ದಿಬ್ಬ ಹತ್ತಿದ್ದು

"ಹಾಲಿನ ಬೋಗಾಣಿ ಮ್ಯಾಲ ತಾಟ ಮುಚ್ಚು, ಬೆಕ್ಕು ಬರ್ತದ"... ಇಷ್ಟ! ಇದ ಕಡೀ ಮಾತು. ನಿಮ್ಮ ಆಯಿ ಊರಿಗಿ ಹೋಗೂ ಮುಂದ ನನಗ ಹೇಳಿದ್ದು ಇದೊಂದ. ಹೋಗಿ ಬರ್ತೀನಿ ಅನ್ನಲಿಲ್ಲ, ಜ್ವಾಕಿ ಅನ್ನಲಿಲ್ಲ... ಹಾಲು! ಬೆಕ್ಕು!

ಯಾಕ ನಗ್ತಿ, ಭಾಗ್ಯಾ? ಹೆಲ್ಮೆಟ್ ಒಳಗ ನಕ್ಕರ ಮುತ್ಯಾಗ ತಿಳಿಯಂಗಿಲ್ಲ ಅಂತ ಮಾಡೀಯೇನು? ಹೆಗಲ ಕುಣಿಯಾಕತ್ತಾವ. ಹಿಂದಿನಿಂದ ಎಲ್ಲಾ ಕಾಣ್ತದ ನನಗ.

ಮುಚ್ಚಿದ್ನೋ ಇಲ್ಲೋ ಅಂತೀಯೇನು? ಎಲ್ಲಿ ಮುಚ್ಚಲಿ... ಎದ್ದ ಹೋಗಲಾಕ ಬ್ಯಾಸರ. ಬೆಕ್ಕು ಕುಡದು ಹೋತು. ಬೋಗಾಣಿ ಹ್ಯಾಂಗ ನೆಕ್ಕಿತ್ತಂದ್ರ, ತಿಕ್ಕೂ ಕೆಲಸ ತಪ್ಪಿತು.

ಹಾಂ, ನಗು ನಗು. ನಕ್ಕರ ಕೈ ಸಡ್ಲ ಆಗ್ತಾವ. ಕೈ ಸಡ್ಲ ಇದ್ರ ಗಾಡಿ ಮಾತ ಕೇಳ್ತದ. ಈಗ ಬಲಗೈ ಹೆಬ್ಬೆಟ್ಟು. ಅಲ್ಲೊಂದು ಸಣ್ಣ ನಾಲಿಗಿ ಅದ ನೋಡು... ಒತ್ತಬ್ಯಾಡ! ಖಾಲಿ ಮುಟ್ಟು. ಮಲಗಿದ ಕೂಸಿನ ಗಲ್ಲ ಮುಟ್ಟಿದಂಗ... ಹಾಂ... ಇನ್ನೊಂದ ಜರಾ... ಹಾಂ...

ಹೊಂಟ್ತು! ನೋಡು, ಹೊಂಟ್ತು!

ಕಾಲ ಮ್ಯಾಲ! ಕಾಲ ಕೆಳಗ ಬಿಡಬ್ಯಾಡ ನನ್ನವ್ವಾ. ಇದು ಸೈಕಲ್ ಅಲ್ಲ. ಸೈಕಲಿಗಿ ಎರಡ ಗಾಲಿ, ಬೀಳ್ತದ. ಇದಕ್ಕ ನಾಕು. ನಿಂತ ಎಮ್ಮಿ ಬಿದ್ದದ್ದು ನೋಡೀಯೇನು? ಹಂಗ ಇದು. ಕಾಲ ಕೆಳಗ ಇಟ್ಟೆಂದ್ರ ಹಿಂದಿನ ಗಾಲಿ ಹಿಮ್ಮಡ ಮ್ಯಾಲ ಹತ್ತತದ. ಹಾಂ... ಹಂಗ. ಎರಡೂ ಪಾದ ಹಲಗಿ ಮ್ಯಾಲ.

ಏ, ಮುಂದ ನೋಡು! ನನ್ನ ನೋಡಬ್ಯಾಡ. ನನ್ನ ಮಾರಿಯಾಗ ಏನದ, ಬರೇ ಗಡ್ಡ. ನನ್ನ ದನಿ ಕೇಳ್ತದಲ್ಲ? ಕೇಳ್ತದಂದ್ರ ನಾ ಅದೀನಿ. ಕೆಂಪ ದಾರ ನನ್ನ ಕೈಯಾಗ ಅದ. ಏನರ ಹೆಚ್ಚುಕಮ್ಮಿ ಆದ್ರ ಒಂದ ಎಳತ, ಗಾಡಿ ಇದ್ದ ಜಾಗಾದಾಗ ನಿಂತಬಿಡ್ತದ. ಫಿಕರ್ ಮಾಡಬ್ಯಾಡ. ನಡಿ.

ಅದಕ್ಕ ಹಿಂಗ ಒಂದ ಸವನ ವಟಗುಟ್ಟಾಕತ್ತೀನಿ. ಇಲ್ಲಂದ್ರ ನಾ ಮಾತಾಡೂ ಮನಶ್ಯಾನ ಅಲ್ಲ. ಬೇಕಂದ್ರ ನಿಮ್ಮಪ್ಪಗ ಕೇಳು. ಈ ಖಣಿಯಾಗ ಫರಸಿ ಕಲ್ಲು ಎಬ್ಬಿಸಿ ಎಬ್ಬಿಸಿ ಮುದುಕ ಆದಾಂವ. ಕಲ್ಲಿನ ಕೂಡ ಏನ ಮಾತಾಡೂದು? ಮುಂಜಾನಿ ಹಾರಿ ಹಿಡದ್ರ ಸಂಜಿ ತನಕ ಹೂಂ ಇಲ್ಲ, ಹಾಂ ಇಲ್ಲ. ಮನ್ಯಾಗ ಮಾತೆಲ್ಲಾ ನನ್ನ ಹೇಣ್ತೀದು, ನೀವು ಹುಡುಗರೆಲ್ಲಾ ಆಯಿ ಅಂತೀರಲ್ಲ, ಅಕೀದು. ನನ್ನ ಪಾಲಿಂದೂ ಅಕೀನ ಮಾತಾಡ್ತಿದ್ದಳು. "ಜಗದೇವಪ್ಪ, ಆರಾಮೇನು?" ಅಂತ ಯಾರರ ಕೇಳಿದ್ರ, "ಆರಾಮ ಅದಾರ್ರಿ, ಟೊಂಕ ಒಂದ ಜರಾ ನೋಯ್ತದ" ಅಂತಿದ್ದಳು. ನನಗ ಟೊಂಕ ನೋಯ್ತದಂತ ನನಗ ಆವಾಗ ಗೊತ್ತಾಗ್ತಿತ್ತು.

ಮತ್ತ ನಕ್ಕಿ! ನಗು. ಎಡಕ್ಕ ತಿರುಗು... ಎಡಕ್ಕ, ಊಟ ಮಾಡದ ಕೈ... ಭೇಷ್.

ಏನಾಯ್ತಂದ್ರ, ಖಣಿ ಬಂದ್ ಆತು. ಬಿಳೀ ಧೂಳು ಉಳೀತು, ಒಡದ ಕಲ್ಲಿನ ದಿಬ್ಬ ಉಳದ್ವು. ಅವಕ್ಕ ಮಣ್ಣ ಹೊಚ್ಚಿಸಿ, ಹಾದಿ ಮಾಡಿಸಿ, ಜಿಲಾನಿ ಸೇಠ ಹೈದರಾಬಾದದಿಂದ ಹುಡುಗರು ಹೊಡಿಯೂ ಈ ನಾಕ ಗಾಲಿ ಸಣ್ಣ ಮೋಟಾರ ಗಾಡಿ ತಂದ. ವಾಡಿ, ಶಹಾಬಾದ, ಚಿತ್ತಾಪುರದ ಹುಡುಗರು ಐತವಾರ ಬಂದು ಕಲೀಲಿ ಅಂತ. ಮೊದಲ ದಿನ ಎಲ್ಲಾರಿಗೂ ತೋರಸಬೇಕಂತ ತಾನ ಹತ್ತಿ ಕುಂತ. ಕುಂತ, ಆದ್ರ ಹ್ಯಾಂಡಲ್ ಹಿಡಿಲಾಕ ಆಗವಲ್ದು! ನಡುವ ಹೊಟ್ಟಿ ಅದ. ಇಳಿಲಾಕೂ ಆಗವಲ್ದು. ನಾವು ಇಬ್ಬರ ಹಿಡದು ಎಬ್ಬಿಸಿದಿವಿ, ಚೀಲ ಎತ್ತಿದಂಗ... ಜೋರಾಗಿ ನಗಬ್ಯಾಡ, ಅಲ್ಲೇ ಗೇಟಿನ ಹತ್ರ ನಿಂತಾನ!

ನನ್ನ ಕಾವಲಕ್ಕ ಇಟ್ಟಿದ್ದ. ಕಲಸಲಾಕ ಬ್ಯಾರೆ ಒಬ್ಬಾಂವ ಇದ್ದ. ಕಟ್ಟುಮಸ್ತ ಆಳು, ಕಣ್ಣಿಗಿ ಕರೀ ಚಸ್ಮಾ. ದಾರ ಹಿಡದು ಹಿಂದ ಹಿಂದ ಓಡ್ತಿದ್ದ, ಖರೆ ಬಾಯಿ ತೆಗೀತಿದ್ದಿಲ್ಲ. ಕೂಸಿಗಿ ಹಿಂದ ಯಾರರ ಅದಾರೋ ಇಲ್ಲೋ ತಿಳೀಬೇಕಲ್ಲ? ಹೊಳ್ಳಿ ನೋಡ್ತಿತ್ತು. ಹೊಳ್ಳಿ ನೋಡಿದ್ರ ಕೈಯೂ ಹೊಳ್ಳತದ. ಹೋಗಿ ಕಲ್ಲಿಗಿ ಢಂ! ನಿಮ್ಮ ಆಯಿ ನನಗ ಬುತ್ತಿ ತಂದಾಕಿ ಇದನ್ನ ನೋಡಿದಳು. ಬುತ್ತಿ ಕೆಳಗ ಇಟ್ಟಳು, ಸೆರಗ ಟೊಂಕಕ್ಕ ಸಿಗಿಸಿದಳು, ಅವನ ಕೈಯಾಗಿನ ದಾರ ಕಸಗೊಂಡಳು. "ಹಿಂದ ದನಿ ಇದ್ದರ ಕೂಸು ಮುಂದ ನೋಡ್ತದೋ ತಮ್ಮಾ" ಅಂದಳು. ಅವತ್ತಿನಿಂದ ಅಕೀನ ಮಾಸ್ತರ. ಗಾಡಿ ಹಿಂದ ಹಿಂದ ಓಡ್ಕೋತ, ಬ್ಯಾಳಿ ಕುದಸಿದ್ದು, ಬಾಜೂ ಮನಿ ಹಣಮವ್ವನ ಕೋಳಿ ಕಳದದ್ದು, ನಾಲವಾರದ ರೈಲಿನ್ಯಾಗ ಜಾಗಾಕ್ಕ ಜಗಳಾಡಿದ್ದು... ಬಾಯಿಗಿ ಬಂದದ್ದೆಲ್ಲಾ. ಹುಡುಗರು ಕಲತ ಮ್ಯಾಲೂ ಮನೀಗಿ ಹೋಗಲಾಕ ಒಲ್ಲೆ ಅಂತಿದ್ವು. ಹಣಮವ್ವನ ಕೋಳಿ ಸಿಕ್ಕಿತೋ ಇಲ್ಲೋ ಕೇಳಬೇಕಲ್ಲ!

ಜರಾ ಮೆಲ್ಲಕ... ಹೆಬ್ಬೆಟ್ಟು ಎತ್ತು. ಎತ್ತಿದ್ರ ತಾನ ಮೆಲ್ಲಕ ಆಗ್ತದ... ನೋಡಿದೇನು? ಮುತ್ಯಾಗೂ ಉಸರ ಬೇಕಲ್ಲ.

ನಿಮ್ಮ ಸೊಹೇಲಂದು ಗೊತ್ತದೇನು? ಅಂವ ಹೊಲದ ಮನಿ ಹುಡುಗ, ಎತ್ತ ಹೊಡದ ಕೈ. ಗಾಡಿ ಇಳಕಲಕ್ಕ ಜೋರ ಓಡ್ತು. ಬ್ರೇಕ್ ಹಿಡಿ ಅಂದ್ರ ಹಿಡೀಲಿಲ್ಲ, ಹ್ಯಾಂಡಲ್ ಎದಿಗಿ ಎಳಕೊಂಡು "ಹೋ! ಹೋ ಹೋ ಹೋ!" ಅಂದ. ಎತ್ತಿಗಿ ಅಂದಂಗ! ಆಯಿ ಹಿಂದಿನಿಂದ ದಾರ ಎಳದಳು, ಗಾಡಿ ನಿಂತ್ತು. ಅಂವ ಇಳದು ಗಾಡೀ ಕೊಳ್ಳ ತಟ್ಟಿ, "ಭೇಷ್ ಮಗನ, ಮಾತ ಕೇಳ್ತಿ" ಅಂದ! ಮುಂದಿನ ಐತವಾರ ನೋಡ್ತೀನಿ, ಎಲ್ಲಾ ಹುಡುಗರೂ ಗಾಡಿಗಿ "ಹೋ ಹೋ" ಅನ್ನಾಕತ್ಯಾವ. ಜಿಲಾನಿ ತಲಿ ಮ್ಯಾಲ ಕೈ ಹೊತ್ತ ಕುಂತ.

ನೀ ಒಮ್ಮೀನೂ ಅನ್ನಲಿಲ್ಲ. ನೀ ಶಾಣ್ಯಾಕಿ.

ಖರೇ ಹೇಳ್ತೀನಿ ಭಾಗ್ಯಾ... ಅಕಿ ಸುರು ಮಾಡಿಸಿ ಹೋದವರಾಗ ನೀ ಒಬ್ಬಾಕಿ ಉಳದಿ. ಸೊಹೇಲ ದಿಬ್ಬ ದಾಟಿದ. ಶಹಬಾಜ ದಾಟಿದ. ಪೂನಮ್ ನಿನಗಿಂತ ಗಿಡ್ಡ, ಅಕೀನೂ ದಾಟಿದಳು. ನೀ ಮಾತ್ರ ಐತವಾರಕ್ಕೊಮ್ಮಿ ಅಪ್ಪನ ಕೂಡ ಬರ್ತಿ, ಗೇಟಿನ ಸಳಿ ಹಿಡದು ನಿಂದ್ರತಿ, ಹೋಗ್ತಿ. ಬಾ ಅಂದ್ರ ಬರಂಗಿಲ್ಲ. ಇವತ್ತ ಏನ ಹೊಕ್ಕಿತೋ, ನೀನ ಹೆಲ್ಮೆಟ್ ಹಾಕೊಂಡು ಬಂದು ಕುಂತಿ. ನಾ ದಾರದ ಗಂಟ ಎರಡೆರಡ ಸಲ ನೋಡಿದೆ. ನೀ ಅಂಜಲಿಲ್ಲ, ನಾ ಅಂಜಿದ್ದೆ! ಯಾಕಂದ್ರ, ನಿನ್ನೊಬ್ಬಾಕೀನ ಈ ದಿಬ್ಬ ದಾಟಿಸಲಾಕ ಆಗಲಿಲ್ಲಂದ್ರ, ಈ ದಾರ ಜಿಲಾನಿ ಕೈಯಾಗ ಕೊಟ್ಟು ಮತ್ತ ಗೇಟ ಕಾಯ್ಕೋತ ಕುಂದ್ರತೀನಿ. ಇದು ಮಾತ ಬಲ್ಲವರ ಕೆಲಸ, ನಂದಲ್ಲ ಅಂತ... ಮನಸಿನ್ಯಾಗ ಹಂಗ ಅಂದುಕೊಂಡೀನಿ.

ತಲಿ ಯಾಕ ಅಲ್ಲಾಡಸ್ತಿ? ಬ್ಯಾಡಂತೀಯೇನು? ಹಂಗಾರ ದಾಟು.

ಬಂತು ನೋಡು ದಿಬ್ಬ. ಅಂಜಬ್ಯಾಡ. ಮೈ ಮುಂದ ಬಾಗಿಸು, ಜ್ವಾಳದ ರೊಟ್ಟಿ ಬಡಿಯೂವಾಗ ನಿಮ್ಮವ್ವ ಬಾಗ್ತಾಳಲ್ಲ, ಹಂಗ. ದಿಬ್ಬದ ತುದಿ ನೋಡು. ನಡುವ ಮಾತ್ರ ನಿಂದ್ರಬ್ಯಾಡ. ನಡುವ ನಿಂತರ ಗಾಡಿ ಹಿಂದ ಉರುಳ್ತದ. ಹತ್ತಿದೆಂದ್ರ ಹತ್ತಬೇಕು. ಹೆಬ್ಬೆಟ್ಟು ಒತ್ತು... ಒತ್ತು... ನಾ ಇಲ್ಲೇ ಅದೀನಿ, ನಿನ್ನ ಹಿಂದ... ಹಾಂ, ಹತ್ತಾಕತ್ತಿ...

ಅಯ್ಯ, ಗೂಡ್ಸ್ ಬಂತಲ್ಲ! ಈಗ ಬರಬೇಕಾ ಇದು! ಏ ಭಾಗ್ಯಾ, ನಿಂದ್ರಬ್ಯಾಡ! ರೈಲ್ ಸಪ್ಪಳ ಅದು, ರೈಲ್! ನೀ ಮುಂದ... ಕೇಳ್ತದೇನು?... ಮುಂದ ನೋಡು!... ಕೇಳ್ತದೇನು ನನ್ನ ದನಿ?... ಹೆಬ್ಬೆಟ್ಟು ಎತ್ತಬ್ಯಾಡ!... ಭಾಗ್ಯಾ!... ಅದೀನಿ! ಅದೀನಿ!... ಏ ನನ್ನವ್ವಾ...

...

ಹೋ... ಹೋ ಹೋ ಹೋ... ನೋಡು, ನಾನೂ ಎತ್ತಿಗಿ ಅಂದಂಗ ಅಂದೆ...

ನಿಂತಿ? ಬ್ರೇಕ್ ಹಿಡದಿ? ಎರಡೂ ಕೈಲೆ? ನಿಂದ್ರು, ಉಸರ ತಗೋತೀನಿ... ಅಲ್ಲಾ, ದಿಬ್ಬದ ಈ ಕಡೆ ಅದೀಯಲ್ಲ ನೀ! ಹತ್ತಿ ಇಳದ ಬಿಟ್ಟಿ! ಸಿಮೆಂಟ ರೈಲ್ ಗಡಗಡ ಗಡಗಡ ಅನ್ನಾಕತ್ತಿತ್ತು, ನನ್ನ ದನಿ ನನಗ ಕೇಳಲಿಲ್ಲ, ನಿನಗ ಎಲ್ಲಿ ಕೇಳಬೇಕು! ಹೊಳ್ಳಿ ನೋಡಲಿಲ್ಲಲ್ಲ ನೀ? ನೋಡಲಿಲ್ಲ. ನಾ ಹಿಂದಿನಿಂದ ನೋಡೀನಿ, ತಲಿ ಇಷ್ಟೂ ಹೊಳ್ಳಲಿಲ್ಲ.

ದಾರ ಹುಡುಕ್ತೀಯೇನು? ಅಗೋ, ಗಾಡಿ ಹಿಂದ ಧೂಳಾಗ ಬಿದ್ದದ ನೋಡು. ಬಿಟ್ಟೆ. ನೀ ಜೋರ ಹತ್ತಿದಿ, ನನ್ನ ಕಾಲ ಸೋತ್ವು. ಹಿಡದಿದ್ರ ಬಿಗದು, ಗಾಡಿ ನಡು ದಿಬ್ಬದಾಗ ನಿಲ್ತಿತ್ತು. ಬಿಟ್ಟೆ, ಹೋಗಲಿ ಹುಡುಗಿ ಅಂತ. ಹೋದಿ!

ಜಿಲಾನಿ ಸೇಠ ಚಪ್ಪಾಳಿ ಬಡ್ಯಾಕತ್ಯಾನ ನೋಡು. ನಿಮ್ಮಪ್ಪ ಗೇಟ ಹತ್ತಿ ನಿಂತಾನ, ಗೇಟ ಮುರದೀತು ಮತ್ತ! ಕೈ ಮಾಡು ಅವಗ.

ಆಯಿ ಬರಲಿ, ತೋರಸೂಣು. ತವರಮನಿ ಚಿಮ್ಮನಚೋಡದಿಂದ ಬಂದಳಂದ್ರ, ಅಲ್ಲಿಂದ ಹಿಡದು ಇಲ್ಲೀತನಕ ಒಂದ ಸುತ್ತು... ಅಕೀನ ಆ ಕಲ್ಲಿನ ಮ್ಯಾಲ ಕುಂಡ್ರಸಿ...

ಯಾಕ? ಯಾಕ ಹ್ಯಾಂಡಲ್ ಮ್ಯಾಲಿನ ಧೂಳ ಒರಸಾಕತ್ತಿ? ಈಗ ನಗಾಕತ್ತಿದ್ದಿಯಲ್ಲ.

ಯಾವಾಗ ಬರ್ತಾಳ ಅಂತ ಕೇಳಂಗಿಲ್ಲೇನು? ಎಲ್ಲಾ ಹುಡುಗರೂ ಕೇಳ್ತಾವ. ಸೊಹೇಲ ಬಂದಾಗೊಮ್ಮಿ ಕೇಳ್ತಾನ. ಮೊದಲ ಅಕೀ ತಂಗಿಗಿ ಆರಾಮಿಲ್ಲಂದೆ. ಆಮ್ಯಾಲ ತೊಗರಿ ರಾಶಿ ಅಂದೆ. ರಾಶಿ ಮುಗದು ಬ್ಯಾಳಿ ಮಾರಾಟ ಆಗಿ ಹೋತು, ಈಗ ಬಿಸಲ ಭಾಳ ಅದ, ಸಂಜಿ ಹೊತ್ತು ಬರ್ತಾಳ ಅಂತೀನಿ. ಎಷ್ಟ ಸಂಜಿ ಆದ್ವು... ಪೂನಮ್ ಕೇಳ್ತಾಳ, ಶಹಬಾಜ ಕೇಳ್ತಾನ. ನೀ...

ನೀ ಒಮ್ಮೀನೂ ಕೇಳಿಲ್ಲ ನೋಡು.

ಹೆಲ್ಮೆಟ್ ತೆಗಿ. ಮಾರಿ ನೋಡ್ತೀನಿ... ಹಾಂ.

ಯಾರ ಹೇಳಿದ್ರು? ಅಪ್ಪ ಹೇಳಿದನೇನು? ಅಂವ ಆಯೀನ ಮಣ್ಣ ಮಾಡೂವಾಗ ಬಂದಿದ್ದ. ದೊಡ್ಡವರಿಗೆಲ್ಲಾ ಕೈ ಮುಗದು ಕೇಳಿಕೊಂಡೀನಿ, ಹುಡುಗರಿಗಿ ಹೇಳಬ್ಯಾಡ್ರಿ, ನಾನ ಒಂದಿನ ಹೇಳ್ತೀನಿ ಅಂತ... ಇಲ್ಲಾ? ಅಪ್ಪ ಅಲ್ಲ? ಹಂಗಾರ ಯಾರು?

ನನ್ನ ಯಾಕ ತೋರಸ್ತಿ? ನಾ ಎಲ್ಲಿ ಹೇಳೀನಿ...

ಅವತ್ತಾ?

ಅವತ್ತ ಮುಂಜಾನಿ ಚಾ ಇಡ್ತೀಯೇನು ಅಂತ ಅಕೀಗಿ ಕೇಳಿದೆ. ಜವಾಬ್ ಬರಲಿಲ್ಲ. ಅಕೀ ಕಡಿಂದ ಜವಾಬ್ ಬರಲಾರದ್ದು ಅದೇ ಮೊದಲ. ಹಣಮವ್ವಗ ಕರದೆ. ಅಕಿ ಬಂದು ಬಾಜೂ ಕುಂತು, "ನೀ ಹೋಗಿ ತವರಮನಿಗಿ ಸುದ್ದಿ ಮುಟ್ಟಿಸು" ಅಂದಳು. ಹೊರಗ ಬಂದೆ. ಐತವಾರ ಇತ್ತು, ಕಾಲ ಇತ್ತಾಗ ಬಂದ್ವು. ನೀವೆಲ್ಲಾ ಗೇಟಿನ ಹೊರಗ ಕುಂತಿದ್ದಿರಿ. "ಆಯಿ ಎಲ್ಲಿ?" ಅಂದ ಸೊಹೇಲ. "ಊರಿಗಿ ಹೋಗ್ಯಾಳ" ಅಂದೆ. ಇವತ್ತ ಗಾಡಿ ಇಲ್ಲ, ಮನೀಗಿ ಹೋಗ್ರಿ ಅಂತ ಹೇಳಬೇಕಿತ್ತು. ಬಾಯಿಗಿ ಬರಲಿಲ್ಲ. ಬಂದ ಕೂಸಿಗಿ ಒಂದ ಸುತ್ತು ಹಾಕಸಲಾರದ ಅಕಿ ಯಾವತ್ತೂ ಹೊಳ್ಳಿ ಕಳಸಿಲ್ಲ.

ಗೇಟ ತೆಗದೆ. ಮೊದಲ ನಿನ್ನ ಕುಂಡ್ರಸಿದೆ. ನೀ ಆ ತಿರುವಿನ ತನಕ ಹೋದಿ. ಹಿಂದ ಸಪ್ಪಳಿಲ್ಲಂತ ಹೊಳ್ಳಿ ನೋಡಿದಿ... ಹೌದು. ನನ್ನ ಮಾರಿ ನೋಡಿ ಅವತ್ತ ತಿಳಕೊಂಡಿ ನೀ. ಇಳದು ಅಪ್ಪನ ಹತ್ರ ಓಡಿ ಹೋದಿ.

ಉಳದವರನ್ನ ಕರದೆ. ಒಬ್ಬೊಬ್ಬರನ್ನ ಎತ್ತಿ ಕುಂಡ್ರಿಸಿ, ಒಂದೊಂದ ಸುತ್ತು ಹಾಕಿಸಿ, ಎತ್ತಿ ಇಳಿಸಿದೆ. ಕಡೀ ಕೂಸಿನ ಬೂಟಿನ ಕಸಿ ಬಿಚ್ಚಿತ್ತು, ಅದನ್ನೂ ಕಟ್ಟಿದೆ. ಎಲ್ಲಾರೂ ಹೋದ ಮ್ಯಾಲ ಗೇಟಿಗಿ ಕೀಲಿ ಹಾಕಿ, ಅಲ್ಲೇ ನೆಲದ ಮ್ಯಾಲ ಕುಂತು, ಚಿಮ್ಮನಚೋಡಕ್ಕ ಫೋನ್ ಹಚ್ಚಿದೆ.