ಟವೆಲ್ ರಾಡಿನ ಎಡಗಡೆ ಸ್ಕ್ರೂ

ಮಾರ್ಚ್ ಹದಿನೈದು, ಭಾನುವಾರ. ಕೆಂಡದಂಥ ಬಿಸಿಲು, ಹುಡುಕಿದರೂ ಒಂದು ಮೋಡ ಇಲ್ಲ… ಹೌದು ಟೀಚರ್, ತಾರೀಖು ಸಮೇತ ಹೇಳ್ತಿದ್ದೀನಿ. ಅಲ್ಲಿಂದಲೇ ಶುರು ಮಾಡಬೇಕು. ನೀವು ಮೊದಲು ಆ ಫೋನು ಕೆಳಗಿಡಿ. ಹೆಡ್‌ಮಾಸ್ಟರಿಗೆ ಅರ್ಧ ಗಂಟೆ ಬಿಟ್ಟು ಹೇಳಿದ್ರೂ ನಡೆಯತ್ತೆ. ಶಾಲೆಯ ಹೊಸ ಕೋಣೆಗಳ ಕೆಲಸ ನಮ್ಮ ಗಾರೆ ಮೇಸ್ತ್ರಿಗೆ ಕೊಡಬಹುದಾ ಅಂತ ತಾನೇ ಅವರು ನಿಮ್ಮನ್ನ ಕೇಳಿರೋದು? ಕೊಡಬೇಡಿ ಅನ್ನೋಕೆ ಹೊರಟಿದ್ದೀರಿ. ಗೊತ್ತು. ಮೊನ್ನೆ ಮೆಟ್ಟಿಲ ಮೇಲೆ ನಮ್ಮವಳಿಗೆ ಹೇಳಿದ್ರಂತೆ. ಅದಕ್ಕೇ ಇಳಿದು ಬಂದೆ.

ಇಲ್ಲ, ಕೂರಲ್ಲ. ನಿಂತೇ ಹೇಳ್ತೀನಿ. ಕೂತರೆ ಮಾತು ಬೇರೆ ಕಡೆ ಹೋಗತ್ತೆ.

ಅವತ್ತು ನಾನು ಬಾತ್‌ರೂಮಿಗೆ ಟವೆಲ್ ರಾಡು ಹಾಕಿದೆ. ಅಷ್ಟೇ. ಒಂದು ರಾಡು, ನಾಲ್ಕು ಸ್ಕ್ರೂ. ಇದಕ್ಕೆಲ್ಲ ಯಾರನ್ನಾದ್ರೂ ಕರೀತಾರಾ? ನಿಮಗೇ ಗೊತ್ತಲ್ಲ, ನಮ್ಮ ಮನೆಗೆ ಕೆಲಸದವರು ಕಾಲಿಟ್ಟು ಆರೇಳು ವರ್ಷ ಆಯ್ತು. ನಲ್ಲಿ ವಾಷರ್ ನಾನೇ, ಬಾಗಿಲ ಕೀಲು ನಾನೇ, ಫ್ಯೂಸು ನಾನೇ. ನಮ್ಮವಳು ಬಾಯ್ತುಂಬ ‘ಇಂಜಿನಿಯರ್ ಸಾಹೇಬ್ರು’ ಅಂತಾಳೆ. ಹೊಗಳಿಕೆ ಅಲ್ಲ ಅದು. ನನಗೆ ಮಾತ್ರ ಹೊಗಳಿಕೆ ಥರಾನೇ ಕೇಳ್ಸತ್ತೆ.

ನಗ್ತೀರಾ. ನಗಿ ಪರವಾಗಿಲ್ಲ. ಸ್ವಲ್ಪ ಹೊತ್ತು ಆದ್ಮೇಲೆ ನಗೋಕಾಗಲ್ಲ.

ಟೈಲ್ಸಿಗೆ ಡ್ರಿಲ್ ಹಾಕುವಾಗ ಅದರ ಮೊನೆ ಕಾದು ಹೋಗತ್ತೆ ಟೀಚರ್, ಅದಕ್ಕೆ ನೀರು ಬಿಡ್ತಾ ಇರಬೇಕು. ನಾನು ಕೊರೀತಿದ್ದೆ, ಅವಳು ಪಕ್ಕದಲ್ಲಿ ಚೊಂಬು ಹಿಡ್ಕೊಂಡು ಸಣ್ಣಗೆ ನೀರು ಸುರೀತಿದ್ದಳು. ಮೂರು ತೂತು ಕಷ್ಟಪಟ್ಟು ಆಯ್ತು. ನಾಲ್ಕನೇದು, ಎಡಗಡೆ ಕೆಳಗಿಂದು, ಬೆಣ್ಣೆಗೆ ಹೋದ ಹಾಗೆ ಸರಕ್ಕಂತ ಒಳಗೆ ಹೋಯ್ತು. ಕೈ ಪಳಗಿತು ಅಂದ್ಕೊಂಡೆ. ಅವತ್ತು ಟ್ಯಾಂಕಿನ ನೀರು ತಳ ಕಂಡಿತ್ತು, ರಭಸ ಇರಲಿಲ್ಲ; ತೂತಿಂದ ನೀರು ಸಣ್ಣಗೆ ಇಳೀತಿತ್ತು. ಇಳೀಲೇಬೇಕಲ್ಲ, ಅವಳು ಸುರೀತಾನೇ ಇದ್ದಾಳೆ. ಯಾವ ನೀರು ಚೊಂಬಿಂದು, ಯಾವ ನೀರು ಗೋಡೆ ಒಳಗಿನ ಪೈಪಿಂದು, ಹೇಗೆ ಗೊತ್ತಾಗತ್ತೆ? ಸ್ಕ್ರೂ ಹಾಕಿ ಬಿಗಿ ಮಾಡಿದೆ. ನಿಂತು ಹೋಯ್ತು. ಪೈಪಿನ ತೂತಿಗೆ ಸ್ಕ್ರೂನೇ ಬಿರಡೆ ಆಗಿ ಕೂತಿತ್ತು. ಅಂಚಿಂದ ಮಾತ್ರ ಹನಿ ಹನಿ… ಗೋಡೆ ಒಳಗೇ… ಕೆಳಗೆ.

ಹೌದು. ಕೆಳಗೆ ಅಂದ್ರೆ ನಿಮ್ಮ ಮಲಗೋ ಕೋಣೆ.

ಕನ್ನಡಕ ತೆಗೆದ್ರಿ. ನಮ್ಮವಳು ನಿಮ್ಮ ಹತ್ರ ಲೆಕ್ಕ ಕಲಿತವಳಲ್ವಾ, ಹೇಳ್ತಿರ್ತಾಳೆ. ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಹಿಂದಿನ ಬೆಂಚಿನೋರೂ ಉಸಿರು ಬಿಗಿ ಹಿಡೀತಿದ್ರಂತೆ. ಏನಾದ್ರೂ ಅನ್ನಿ. ಬೈದರೂ ಸರಿ.

ಸರಿ. ಮುಂದೆ ಹೇಳ್ತೀನಿ.

ಏಪ್ರಿಲಲ್ಲಿ ನೀವು ನನ್ನನ್ನೇ ಕರೆದು ಗೋಡೆ ತೋರಿಸಿದ್ರಿ, ಅಂಗೈಯಗಲ ಒದ್ದೆ. ನಾನು ಬೆರಳ ಗೆಣ್ಣಿಂದ ಡಾಕ್ಟರ ಥರ ಅಲ್ಲಿ ಇಲ್ಲಿ ತಟ್ಟಿ, ‘ಟೊಳ್ಳು ಶಬ್ದ ಬರ್ತಿದೆ ಟೀಚರ್, ಹೊರಗಿನ ಗಾರೆ ಬಿಟ್ಟಿದೆ, ನೀರು ಅಲ್ಲಿಂದ ಹಿಡೀತಿದೆ’ ಅಂದೆ. ಜನವರಿಯಲ್ಲಷ್ಟೇ ಮೇಸ್ತ್ರಿ ನಿಮ್ಮ ಹೊರಗೋಡೆಗೆ ಗಾರೆ ಮಾಡಿ ಹೋಗಿದ್ದ. ಸಲೀಸಾಗಿ ಕೂತುಬಿಡ್ತು ಮಾತು. ಆಗ ನನಗೆ ನಿಜವಾಗಿ ಗೊತ್ತಿರಲಿಲ್ಲ. ಇದೊಂದನ್ನ ನಂಬಿ. ಒಂದು ಹನಿ ಮಳೆ ಇಲ್ಲದ ತಿಂಗಳಲ್ಲಿ ಹೊರಗಿಂದ ಯಾವ ನೀರು ಬರತ್ತೆ ಅಂತ ನಾನೂ ಯೋಚಿಸಲಿಲ್ಲ, ನೀವೂ ಕೇಳಲಿಲ್ಲ. ಮೇಸ್ತ್ರಿ ಒಬ್ಬನೇ ಕೇಳಿದ್ದು. ನೆನಪಿದೆಯಾ? ಇದೇ ಬಾಗಿಲಲ್ಲಿ ನಿಂತು, ‘ಸಾರ್, ಮೇಲೆ ಬಾತ್‌ರೂಮಲ್ಲಿ ಏನಾದ್ರೂ ಕೆಲಸ ಆಯ್ತಾ ಇತ್ತೀಚೆಗೆ?’ ಅಂದ. ಏನೂ ಇಲ್ಲಪ್ಪ ಅಂದೆ. ಟವೆಲ್ ರಾಡು ಹಾಕೋದನ್ನ ಯಾರು ಕೆಲಸ ಅಂತಾರೆ? ‘ಒಂದ್ಸಲ ನೋಡ್ಲಾ’ ಅಂದ. ಇವತ್ತು ಬೇಡ, ಮನೇಲಿ ನೆಂಟರಿದ್ದಾರೆ ಅಂದೆ. ನೆಂಟರು ಯಾರೂ ಇರಲಿಲ್ಲ. ಕೆಲಸದವನು ಬಂದು ನಾನು ಮಾಡಿದ್ದನ್ನ ಮೇಲೆ ಕೆಳಗೆ ನೋಡೋದು ನನಗೆ ಆಗಿಬರಲ್ಲ, ಅಷ್ಟೇ. ಬರೀ ಹಮ್ಮು.

ಅವನು ಹೊರಗೋಡೆ ಪೂರ್ತಿ ಕೆತ್ತಿ ಮತ್ತೆ ಗಾರೆ ಮಾಡಿದ. ಕೂಲಿ ತಗೊಳ್ಳಲಿಲ್ಲ. ತನ್ನ ಕೆಲಸ ಕೆಟ್ಟಿದೆ ಅಂದ್ಮೇಲೆ ತಾನೇ ಸರಿಮಾಡಬೇಕು ಅಂದ.

ನನಗೆ ಗೊತ್ತಾಗಿದ್ದು ಮೊನ್ನೆ. ನೀವು ಹೆಡ್‌ಮಾಸ್ಟರ ವಿಷಯ ಹೇಳಿದ್ರಿ ಅಂತ ನಮ್ಮವಳು ಬಂದು ಹೇಳಿದಳಲ್ಲ, ಯಾಕೋ ಅನುಮಾನ ಬಂತು, ನಿನ್ನೆ ಹೋಗಿ ರಾಡು ಬಿಚ್ಚಿದೆ. ಎಡಗಡೆ ಸ್ಕ್ರೂ ತಿರುಗಿಸಿದ್ದೇ ತಡ, ಮುಖಕ್ಕೆ ರಪ್ಪಂತ ನೀರು ಹೊಡೀತು. ಗೋಡೆ ಒಡೆದು ಪೈಪಿನ ತುಂಡು ಬದಲಾಯಿಸಿದ್ದೂ ಆಯ್ತು. ಇನ್ನು ನಿಮ್ಮ ಗೋಡೆ ಒಣಗತ್ತೆ. ಖಂಡಿತ ಒಣಗತ್ತೆ. ಬಣ್ಣ ನಾನೇ ಹೊಡೆಸ್ತೀನಿ. ಹೊಡೆಸ್ತೀನಿ ಅಂದೆ, ಹೊಡೀತೀನಿ ಅನ್ನಲಿಲ್ಲ, ಹೆದರಬೇಡಿ.

ಎಲ್ಲಿಗೆ ಹೊರಟ್ರಿ? ಗೋಡೆ ಹತ್ರ ಯಾಕೆ… ಅದೇ ಒದ್ದೆ, ಅದರಲ್ಲಿ ಹೊಸದೇನಿದೆ.

ನಿಮ್ಮ ಪೆನ್ಸಿಲ್ ಗೆರೆಗಳು. ವಾರಕ್ಕೊಂದು ಗೆರೆ, ಪಕ್ಕದಲ್ಲಿ ತಾರೀಖು. ಒದ್ದೆ ಎಲ್ಲೀವರೆಗೆ ಬಂತು ಅಂತ ಗುರುತು ಹಾಕೋರನ್ನ ನಾನು ಬೇರೆಲ್ಲೂ ನೋಡಿಲ್ಲ. ಎಲ್ಲ ಗೆರೆ ಆಚೆಗೆ ಬೆಳೀತಾ ಹೋಗಿವೆ… ಒಂದು ಮಾತ್ರ ಒಳಗಿದೆ. ಅದರ ಮೇಲೇ ಯಾಕೆ ಬೆರಳಿಟ್ಟಿದ್ದೀರಿ?

ಮೇ ಹದಿನಾಲ್ಕು.

ಹೌದು, ನಾವು ಊರಲ್ಲಿರಲಿಲ್ಲ. ಐದು ದಿನ ಮದುವೆಗೆ ಹೋಗಿದ್ವಿ. ಹೋಗುವಾಗ ನೀರಿನ ವಾಲ್ವು ಬಂದ್ ಮಾಡಿದ್ದೆ. ವಾಪಸ್ ಬಂದಾಗ ನೀವು ಮೆಟ್ಟಿಲ ಹತ್ರಾನೇ ಸಿಕ್ಕಿ, ‘ಗೋಡೆ ಒಣಗ್ತಾ ಇದೆ, ಮೇಸ್ತ್ರಿ ಅಂತೂ ಸರಿ ಮಾಡಿದ’ ಅಂದ್ರಿ. ಮುಖ ಅರಳಿತ್ತು ನಿಮ್ಮದು. ನಾನು ಕೈಯಲ್ಲಿ ಪೆಟ್ಟಿಗೆ ಹಿಡ್ಕೊಂಡು ಹಾಗೇ ನಿಂತಿದ್ದೆ.

ಹೂಂ. ಅವತ್ತೇ ಗೊತ್ತಾಯ್ತು. ಮೊನ್ನೆ ಅಲ್ಲ.

ಮೇಲೆ ಹೋಗಿ ವಾಲ್ವು ತೆಗೆದೆ, ಟೈಲ್ಸಿಗೆ ಕಿವಿ ಇಟ್ಟೆ. ಒಳಗೆ ಸಣ್ಣಗೆ, ಯಾರೋ ಪಿಸುಗುಟ್ಟಿದ ಹಾಗೆ. ಗೋಡೆ ಒಡೀಬೇಕಿತ್ತು. ಒಡೆದರೆ ಸದ್ದು ನಿಮಗೆ ಕೇಳತ್ತೆ, ಏನು ಅಂತ ಕೇಳ್ತೀರಿ, ಹೇಳಬೇಕಾಗತ್ತೆ. ಅದರ ಬದಲು ಸ್ಕ್ರೂ ಇನ್ನೊಂದು ಸುತ್ತು ಬಿಗಿ ಮಾಡಿದೆ. ಇಷ್ಟಕ್ಕೇ ನಿಂತೀತು ಅಂದ್ಕೊಂಡೆ. ನಿಲ್ಲಲಿಲ್ಲ. ಮುಂದಿನ ಭಾನುವಾರ ಇನ್ನರ್ಧ ಸುತ್ತು. ಈ ಥರ ಎರಡು ತಿಂಗಳು ಸ್ಕ್ರೂ ತಿರುಗಿಸ್ತಾ ಇದ್ದೆ ಟೀಚರ್. ಅಷ್ಟರಲ್ಲಿ ಮೇಸ್ತ್ರಿ ಮೂರನೇ ಸಲ ಬಂದು ಕೆತ್ತಿ ಬಳಿದ. ಕೈ ಚರ್ಮ ಸಿಮೆಂಟಿಗೆ ಸುಲಿದು ಹೋಗಿತ್ತು. ನಾನು ಆಫೀಸಿಗೆ ಹೊರಟಿದ್ದೆ, ಏಣಿ ಮೇಲಿಂದ ನಮಸ್ಕಾರ ಅಂದ. ನಾನೂ ನಮಸ್ಕಾರ ಅಂದೆ.

ಆಮೇಲೆ ನೀವು ಎಲ್ಲರ ಎದುರಿಗೆ ಅವನನ್ನ ಬೈದ್ರಿ. ‘ಮಕ್ಕಳಾದ್ರೂ ಮೂರನೇ ಸಲಕ್ಕೆ ಲೆಕ್ಕ ಸರಿ ಮಾಡ್ತಾರೆ’ ಅಂದ್ರಿ. ನಾನು ಮೇಲೆ ಬಾಲ್ಕನಿ ಕಟಾಂಜನ ಹಿಡ್ಕೊಂಡು ಕೇಳ್ತಿದ್ದೆ. ಇಲ್ಲ, ನಿಮ್ಮ ತಪ್ಪಿಲ್ಲ. ನಿಮ್ಮ ಬಾಯಲ್ಲಿ ಆ ಮಾತು ಹಾಕಿದವನು ನಾನು. ಅವತ್ತಿಂದ ಈ ಕಟ್ಟಡದಲ್ಲಿ ಯಾರೂ ಅವನನ್ನ ಕರೆದಿಲ್ಲ. ಎದುರು ಬೀದಿಯವರೂ ಕರೆದಿಲ್ಲ.

ಇಷ್ಟೇ. ಇದನ್ನ ಹೇಳೋಕೇ ಬಂದದ್ದು. ಇನ್ನು ಫೋನ್ ಮಾಡಿ, ಹೆಡ್‌ಮಾಸ್ಟರಿಗೆ ಒಳ್ಳೆ ಕೆಲಸಗಾರ ಅಂತ ಹೇಳಿ. ನನ್ನ ಹೆಸರು ಬೇಕಾದ್ರೆ ಹೇಳಿ, ಬೇಡ ಅನ್ನಲ್ಲ. ನಾನು ಬರ್ಲಾ?

ಯಾಕೆ ಹಾಗೆ ನೋಡ್ತಿದ್ದೀರಿ?

ಎಲ್ಲ ಹೇಳಿದ್ದಾಯ್ತು ಟೀಚರ್.

…ಜುಲೈಯಲ್ಲಿ ಅವನು ಬಂದು ಜನವರಿಯ ಕೂಲಿ ಪೂರ್ತಿ ನಿಮ್ಮ ಮೇಜಿನ ಮೇಲಿಟ್ಟು ಹೋದ. ಮಾತಾಡದೆ ಇಟ್ಟು ಹೋದ, ಸೊಕ್ಕು ನೋಡಿ ಅಂತ ನೀವೇ ಅಂದಿದ್ರಿ. ಅದು ಎಲ್ಲಿಂದ ಬಂತು ಅಂತ ನೀವು ಕೇಳಲಿಲ್ಲ. ಈಗಲೂ ಕೇಳ್ತಿಲ್ಲ. ಕೇಳಿಬಿಡಿ.

ಅದರ ಹಿಂದಿನ ದಿನ ಸಂಜೆ ಅವನು ನಮ್ಮನೆಗೆ ಬಂದಿದ್ದ. ಹೆಗಲ ಮೇಲೆ ಗೋಣಿಚೀಲ, ಒಳಗೆ ಅವನ ಟೈಲ್ಸ್ ಕತ್ತರಿಸೋ ಮಷಿನ್ನು. ಹತ್ತು ವರ್ಷ ದುಡಿದದ್ದು, ಆದರೂ ಒಂದು ಚೂರು ಧೂಳಿರಲಿಲ್ಲ. ‘ಕೈಯಾರೆ ಕೆಲಸ ಮಾಡೋರು ನೀವು, ನಿಮ್ಮ ಹತ್ರ ಇದ್ರೆ ಚೆನ್ನಾಗಿರತ್ತೆ ಸಾರ್. ನಮ್ಮೋರಿಗೆ ಮಾರಿದ್ರೆ ನಗ್ತಾರೆ’ ಅಂದ. ಯಾಕೆ ಮಾರ್ತೀಯ ಅಂದೆ. ‘ಟೀಚರಮ್ಮನ ದುಡ್ಡು ವಾಪಸ್ ಕೊಡಬೇಕು. ಮಾಡಿದ ಕೆಲಸ ಬಾಳಲಿಲ್ಲ ಅಂದ್ಮೇಲೆ ಅದು ನನ್ನದಲ್ಲ’ ಅಂದ.

ತಗೊಂಡೆ. ಈಗ ನಮ್ಮ ಅಟ್ಟದ ಮೇಲಿದೆ. ಒಂದ್ಸಲವೂ ಮುಟ್ಟಿಲ್ಲ.

ಅವನು ಬೆಲೆ ಹೇಳಿದ. ನಿಮ್ಮ ಕೂಲಿ ಎಷ್ಟಿತ್ತೋ ಅಷ್ಟೇ ಹೇಳಿದ, ಒಂದು ಕಾಸು ಹೆಚ್ಚಿಲ್ಲ. ನಾನು ಮಷಿನ್ನು ತಿರುಗಿಸಿ ನೋಡಿದೆ. ಬ್ಲೇಡು ಸವೆದಿದೆ ಅಂದೆ. ವಯರು ಹಳೇದು ಅಂದೆ. ಅಭ್ಯಾಸ ಟೀಚರ್, ಬಾಯಿಗೆ ತಾನಾಗೇ ಬಂದುಬಿಡ್ತು.

ಅರ್ಧಕ್ಕೆ ಕೇಳಿದೆ. ಉಳಿದರ್ಧ ಅವನು ಎಲ್ಲಿಂದ ತರ್ತಾನೆ ಅಂತ ಯೋಚಿಸಲಿಲ್ಲ.

ಕೊಟ್ಟ.