ಒಳಗಿನ ಕತ್ತರಿ, ಹೊರಗಿನ ಕತ್ತರಿ

ವೇದಿಕೆಯ ಅಧ್ಯಕ್ಷರೇ, ದೂರದಿಂದ ದಯಮಾಡಿಸಿದ ಅತಿಥಿಗಳೇ, ಊಟದ ವಾಸನೆಗೆ ಮೂಗು ಕೊಟ್ಟು ನನಗೆ ಕಿವಿ ಕೊಟ್ಟಿರುವ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ಮೇಡಂ ಬಗ್ಗೆ ನಾಲ್ಕು ಮಾತಾಡಲು ಸಂಸ್ಥೆಯವರು ನನ್ನನ್ನೇ ಕರೆದಿದ್ದಾರೆ. ಮನೆಯಲ್ಲಿ ಸಿಗದ ಅವಕಾಶ ಇಲ್ಲಿ ಸಿಕ್ಕಿದೆ. ಗಂಡ ಮಾತಾಡುವಾಗ ನಡುವೆ ಬಾಯಿ ಹಾಕದೆ ಕೂತಿರುವ ಅವರನ್ನು ದಯವಿಟ್ಟು ಕಣ್ತುಂಬ ನೋಡಿಕೊಳ್ಳಿ.

ನಮ್ಮಿಬ್ಬರದೂ ಒಂದೇ ಕಟ್ಟಡ, ಬೇರೆ ಬೇರೆ ಪ್ರಯೋಗಾಲಯ. ದೇಹಕ್ಕೆ ಅಪಾಯ ಬಂದಾಗ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಕಳಿಸುತ್ತವೆ. ಅವುಗಳಲ್ಲಿ ಜ್ವರ ಬರಿಸುವ ಒಂದು, ಕೋಶದೊಳಗೆ ಸುಮ್ಮನೆ ಮಲಗಿರುತ್ತದೆ. ಒಂದು ಕಿಣ್ವ ಬಂದು ಕತ್ತರಿಸಿದರೆ ಮಾತ್ರ ಎದ್ದು ಹೊರಡುತ್ತದೆ. ಆ ಕಿಣ್ವದ ಅಧ್ಯಯನ ನನ್ನದು. ಹೊರಗೆ ಬಂದ ಸುದ್ದಿಗಳನ್ನು ಬೇರೆ ಕಿಣ್ವಗಳು ಮತ್ತೆ ಕತ್ತರಿಸುತ್ತವೆ. ಕೆಲವನ್ನು ಜೋರು ಮಾಡುತ್ತವೆ, ಕೆಲವುಗಳ ಬಾಯಿ ಮುಚ್ಚಿಸುತ್ತವೆ. ಅವುಗಳ ಅಧ್ಯಯನ ಮೇಡಂ ಅವರದು. ಬಾಯಿ ಮುಚ್ಚಿಸುವ ವಿದ್ಯೆ ಅವರಿಗೇ ಏಕೆ ಒಲಿಯಿತೆಂದು ನಾನು ಬಿಡಿಸಿ ಹೇಳಬೇಕೆ?

ನಮ್ಮ ಮಗಳು ಮೂರನೇ ತರಗತಿಯಲ್ಲಿದ್ದಾಗ ಅವಳಿಗೆ ಮೇಲಿಂದ ಮೇಲೆ ಜ್ವರ. ಮೈತುಂಬ ಕೆಂಪು ದದ್ದು, ಮೊಣಕಾಲು ಹಿಡಿದುಕೊಂಡು ಅಳು. ಮಕ್ಕಳ ಡಾಕ್ಟರು ಸೋಂಕು ಹುಡುಕಿದರು, ಸಿಗಲಿಲ್ಲ. ಮಾತ್ರೆ ಬದಲಾದವು, ಜ್ವರ ಬದಲಾಗಲಿಲ್ಲ. ಕೊನೆಗೆ ಮಗುವಿಗೆ ಎದ್ದು ನಿಲ್ಲಲೂ ನನ್ನ ಕೈ ಬೇಕಾಯಿತು.

ಒಂದು ಸಂಜೆ ಮೇಡಂ ಅಂದರು, ತಣ್ಣನೆ ಗಾಳಿಯಲ್ಲಿ ಆಡಿ ಬಂದಾಗಲೇ ಇವಳಿಗೆ ಜ್ವರ ಬರುತ್ತದೆ, ಇದು ಸೋಂಕಲ್ಲ, ನಿಮ್ಮ ಕಿಣ್ವವೇ ಕಾರಣವಿಲ್ಲದೆ ಕತ್ತರಿಸುತ್ತಿದೆ ಎಂದು. ಅಷ್ಟು ಅಪರೂಪದ ಕಾಯಿಲೆ ವಿಳಾಸ ಹುಡುಕಿಕೊಂಡು ನಮ್ಮ ಮನೆಗೇ ಬರುತ್ತದೆಯೇ ಎಂದು ನಾನು ನಕ್ಕೆ. ನಕ್ಕೆ ಅಂದೆನಲ್ಲ, ನಕ್ಕು ಮುಗಿಯುವ ಮೊದಲೇ ಮಗಳ ಹಣೆ ಮುಟ್ಟಿ ನೋಡಿದ್ದೆ. ಆ ಕಾಯಿಲೆಯನ್ನು ಹಾಗೇ ಬಿಟ್ಟರೆ ಕಿವಿ ಹೋಗಬಹುದು, ಮೂತ್ರಪಿಂಡ ಹೋಗಬಹುದು ಎಂಬುದು ಈ ಕಟ್ಟಡದಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಈ ಮಾತು ನಾನು ಬರೆದುಕೊಂಡು ಬಂದದ್ದರಲ್ಲಿ ಇರಲಿಲ್ಲ. ಇರಲಿ.

ಮೇಡಂ ಮರುದಿನ ರಜೆ ಹಾಕಿ, ನನಗೆ ಹೇಳದೆ, ಮಗಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಡಿಸಿ ಬಂದರು. ಅವರ ಅನುಮಾನವೇ ನಿಜವಾಯಿತು. ಒಳಗಿನ ಕತ್ತರಿಯನ್ನು ತಡೆಯುವ ಮದ್ದು ಆಗ ಇರಲಿಲ್ಲ. ಆದರೆ ಹೊರಗೆ ಬಂದ ಸುದ್ದಿ ಇನ್ನೊಂದು ಕೋಶಕ್ಕೆ ಮುಟ್ಟದಂತೆ ಬಾಗಿಲಲ್ಲೇ ತಡೆಯುವ ಚುಚ್ಚುಮದ್ದು ಇತ್ತು. ಒಳಗಿನ ಕತ್ತರಿಯ ನಾನು ಸೋತೆ, ಹೊರಗಿನ ಕತ್ತರಿಯ ಅವರು ಗೆದ್ದರು. ಇಷ್ಟು ಸಂತೋಷದಿಂದ ನಾನು ಎಂದೂ ಸೋತಿಲ್ಲ. ಮೊದಲ ಚುಚ್ಚುಮದ್ದಿನ ಮರುದಿನ ಬೆಳಿಗ್ಗೆ ಮಗು ತಾನೇ ಎದ್ದು ಅಡುಗೆಮನೆಗೆ ನಡೆದು ಬಂದು, ಹಸಿವು ಅಂದಿತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ನಾನು ಅವಳ ಕಾಲನ್ನೇ ನೋಡುತ್ತ ನಿಂತಿದ್ದೆ.

ಎಷ್ಟೋ ದಿನಗಳ ಮೇಲೆ ಕೇಳಿದೆ, ಅವತ್ತು ನನಗೆ ಯಾಕೆ ಹೇಳದೆ ಹೋದೆ ಎಂದು.

"ಹೇಳಿದ್ರೆ ನೀವೂ ಬರ್ತಿದ್ರಿ," ಅಂದರು. "ದಾರಿಯುದ್ದಕ್ಕೂ ಇಬ್ಬರನ್ನ ಸಮಾಧಾನ ಮಾಡೋ ಶಕ್ತಿ ನನಗಿರಲಿಲ್ಲ."

ಆ ಮಗಳು ಈಗ ಮೂರನೇ ಸಾಲಿನಲ್ಲಿ ಕೂತು, ಮುಗಿಸಪ್ಪ ಎಂದು ಕೈಗಡಿಯಾರ ತೋರಿಸುತ್ತಿದ್ದಾಳೆ. ಮೇಡಂ ನನಗಿಂತ ಎರಡು ವರ್ಷ ದೊಡ್ಡವರು. ಇದನ್ನು ಹೇಳಕೂಡದೆಂದು ಬೆಳಿಗ್ಗೆಯೇ ಅಪ್ಪಣೆಯಾಗಿತ್ತು. ಹಾಗಾಗಿ ಇನ್ನೆರಡು ವರ್ಷ ನಾನೊಬ್ಬನೇ ಇಲ್ಲಿಗೆ ಬರಬೇಕು. ಮಧ್ಯಾಹ್ನ ಬಂದು, "ಸಾಕು ಬನ್ನಿ ರೀ, ಊಟ ಆರತ್ತೆ" ಅನ್ನುವವರು... ಯಾರಾದರೂ ಸ್ವಲ್ಪ ನೀರು ಕೊಡಿ.

ಮುದುಕ ನೀರು ಕೇಳಿದ್ದನ್ನು ಬಾಯಾರಿಕೆ ಎಂದೇ ತಿಳಿದುಕೊಳ್ಳುವ ದೊಡ್ಡ ಮನಸ್ಸಿನ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.