ಬಿಸ್ಕತ್ತಿನ ಡಬ್ಬಿಯಲ್ಲಿ ಕೊನೆಯ ಹಾಳೆ

ಈ ಸಭೆಯ ಅಧ್ಯಕ್ಷರೂ ನಮ್ಮ ಬರಂಗಾಯ್‌ನ ಮುಖ್ಯಸ್ಥರೂ ಆದ ಮಾನ್ಯ ಕಪಿತಾನ್ ರುಪೆರ್ತೊ ಅವರೇ, ಪ್ರಾರ್ಥನೆ ಮುಗಿಸಿ ಊಟದ ಮೇಜಿಗೆ ಹತ್ತಿರದ ಕುರ್ಚಿಯನ್ನೇ ಆರಿಸಿಕೊಂಡಿರುವ ಪೂಜ್ಯ ಪಾದ್ರಿಗಳೇ, ಮೂವತ್ತೊಂದು ವರ್ಷ ಬಾಡಿಗೆಗೆ ಕಾದಂಬರಿ ಕೊಟ್ಟು ಈ ಊರಿನ ಹೆಂಗಸರನ್ನೆಲ್ಲ ಅಳಿಸಿದ ಕೀರ್ತಿಗೆ ಪಾತ್ರರಾದ, ಇಂದು ನಾವೆಲ್ಲ ಬೀಳ್ಕೊಡುತ್ತಿರುವ ಆಲಿಂಗ್ ಚೋಲೆಂಗ್ ಅವರೇ, ಮೀನಿನ ಸಾಲು, ಅಕ್ಕಿಯ ಸಾಲುಗಳಲ್ಲಿ ಅಂಗಡಿ ಮುಚ್ಚಿ ಬಂದ ಸಭಿಕರೇ, ಮತ್ತು ಬಾಸ್ಕೆಟ್‌ಬಾಲ್ ಅಂಕಣದ ಬೇಲಿಗೆ ಒರಗಿಕೊಂಡು, ಈ ಭಾಷಣ ಮುಗಿದರೆ ಪಾನ್ಸಿತ್ ಶಾವಿಗೆ ಬಡಿಸುತ್ತಾರೆಂದು ಕಾಯುತ್ತಿರುವ ಭಾವೀ ಸಭಿಕರೇ,

ನಾನು ಎಲ್ಮೆರ್. ಮಾರುಕಟ್ಟೆಯ ಮುಂದೆ ಟ್ರೈಸಿಕಲ್ ಓಡಿಸುವವನು. ಇವನನ್ನು ಯಾರು ಮಾತಿಗೆ ಕರೆದರು ಎಂದು ನಿಮ್ಮಲ್ಲಿ ಹಲವರು ಮುಖ ಮುಖ ನೋಡಿಕೊಳ್ಳುತ್ತಿರುವುದು ಇಲ್ಲಿಂದ ಚೆನ್ನಾಗಿ ಕಾಣುತ್ತಿದೆ. ಕಪಿತಾನರ ಕುರ್ಚಿಗೆ ಯಾರೋ ಗೋಂದು ಹಚ್ಚಿದ ವರ್ಷದಿಂದ ನನ್ನ ಹೆಸರು ಅಷ್ಟೇನೂ ಚೆನ್ನಾಗಿಲ್ಲ. ಆ ವಿಷಯಕ್ಕೆ ನಾನಿಂದು ಹೋಗುವುದಿಲ್ಲ. ನನಗೆ ಕೊಟ್ಟಿರುವ ವಿಷಯ ‘ಪ್ರೇಮ ಕಾದಂಬರಿಗಳಲ್ಲಿ ತಪ್ಪು ತಿಳುವಳಿಕೆಯೂ ಅದರಿಂದ ಹುಟ್ಟುವ ಪ್ರೀತಿಯೂ.’ ವಿಷಯ ಕೊಟ್ಟವರು ಆಲಿಂಗ್ ಚೋಲೆಂಗ್. ಹತ್ತು ನಿಮಿಷ ಸಮಯ ಕೊಟ್ಟವರು ಅಡುಗೆಯವರು.

ಭಾಷಣ ಚೆನ್ನಾಗಿ ಆಗಲಿ ಎಂದು ಯಾವ ಭಾಷಣಕಾರ ಬಯಸುವುದಿಲ್ಲ? ಆದರೆ ನನ್ನ ಕಾರಣ ಬೇರೆ. ಆಲಿಂಗ್ ಚೋಲೆಂಗ್ ಅವರ ಪಕ್ಕದಲ್ಲಿ, ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು, ನನ್ನನ್ನು ಬಿಟ್ಟು ಉಳಿದೆಲ್ಲರನ್ನೂ ನೋಡುತ್ತಿರುವ ಅವರ ತಮ್ಮನ ಮಗಳು ರೊವೆನಾ ನಿಮಗೆಲ್ಲ ಗೊತ್ತು. ಹೋದ ಭಾನುವಾರ ನಾನು ಆಕೆಯನ್ನು ಮದುವೆಯಾಗುತ್ತೀಯಾ ಎಂದು ಕೇಳಿದೆ. ಆಕೆ ಹೇಳಿದ್ದು ಇಷ್ಟೇ: “ಅತ್ತೆ ಕೇಳೋ ಪ್ರಶ್ನೆಗೆ ಎಲ್ರ ಮುಂದೆ ಉತ್ತರ ಹೇಳು. ತಮಾಷೆ ಬೇಡ, ನಿಜ ಹೇಳು. ಆಮೇಲೆ ನಾನು ಹೇಳ್ತೀನಿ.”

ಆದ್ದರಿಂದ ಸಭಿಕರೇ, ನಿಮಗಿದು ಭಾಷಣ. ನನಗೆ ಪರೀಕ್ಷೆ.

ಮೊದಲು ವಿಷಯ. ನಮ್ಮ ಬಾಡಿಗೆ ಕಾದಂಬರಿಗಳಿಗೆ ನೂರಿಪ್ಪತ್ತೆಂಟು ಪುಟ. ಹನ್ನೆರಡನೆಯ ಪುಟದೊಳಗೆ ನಾಯಕನ ಕಾರು ನಾಯಕಿಯ ಬಿಳಿ ಉಡುಪಿಗೆ ಕೆಸರು ಹಾರಿಸಬೇಕು. ಅವನು ಸೊಕ್ಕಿನವನೆಂದು ಅವಳೂ, ಅವಳು ದುಡ್ಡಿನ ಆಸೆಯವಳೆಂದು ಅವನೂ ತಿಳಿಯಬೇಕು. ತೊಂಬತ್ತನೆಯ ಪುಟದಲ್ಲಿ ಒಂದು ಕಾಗದವೋ ಒಂದು ಜ್ವರವೋ ಬಂದು ಇಬ್ಬರ ಕಣ್ಣನ್ನೂ ತೆರೆಸಬೇಕು. ಮೊದಲ ನೋಟದಲ್ಲೇ ಒಬ್ಬರನ್ನೊಬ್ಬರು ಸರಿಯಾಗಿ ಅರಿತುಕೊಂಡ ಜೋಡಿಯ ಕಥೆಯನ್ನು ಯಾರಾದರೂ ಬರೆದಿದ್ದಾರೆಯೇ? ಬರೆದರೆ ಎಷ್ಟು ಪುಟವಾದೀತು? ಒಂದೂವರೆ.

ಆ ನೂರಿಪ್ಪತ್ತೆಂಟರಲ್ಲಿ ಕೊನೆಯ ಹಾಳೆಯನ್ನು ಆಲಿಂಗ್ ಚೋಲೆಂಗ್ ಯಾರಿಗೂ ಮನೆಗೆ ಕೊಟ್ಟವರಲ್ಲ. ಹೊಸ ಪುಸ್ತಕ ಬಂದ ದಿನವೇ ಬ್ಲೇಡಿನಿಂದ ಬಿಡಿಸಿ, ಮೂಲೆಯಲ್ಲಿ ಪುಸ್ತಕದ ಸಂಖ್ಯೆ ಬರೆದು, ಆ ಡಬ್ಬಿಗೆ ಹಾಕುತ್ತಿದ್ದರು. ಅಂಗಡಿಯಲ್ಲೇ ಕೊನೆ ಓದಿ ಪುಸ್ತಕ ಕೆಳಗಿಟ್ಟು ಹೋಗುವವರ ಕಾಟಕ್ಕೆ ಶುರುವಾದ ಪದ್ಧತಿ ಇದು. ಉಳಿದದ್ದನ್ನೆಲ್ಲ ಓದಿ ಬಂದು ಕಟ್ಟೆಯ ಮುಂದೆ ನಿಂತರೆ ಅವರದು ಒಂದೇ ಪ್ರಶ್ನೆ: “ಯಾರು ಯಾರನ್ನ ತಪ್ಪು ತಿಳ್ಕೊಂಡ್ರು, ಹೇಳು.” ಸರಿಯಾಗಿ ಹೇಳಿದರೆ ಡಬ್ಬಿ ತೆರೆಯುತ್ತಿತ್ತು. ಹಾಳೆಯನ್ನು ಅಲ್ಲೇ, ನಿಂತೇ ಓದಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗಬೇಕು. ಮೀನು ಮಾರುವ ಆಲಿಂಗ್ ಇಸಿಯಾಂಗ್ ಅಲ್ಲಿ ನಿಂತು ಸುರಿಸಿದ ಕಣ್ಣೀರಿನಲ್ಲಿ ಒಂದು ಬುಟ್ಟಿ ಮೀನು ಉಪ್ಪು ಹಾಕಿ ಒಣಗಿಸಬಹುದಿತ್ತು.

ನಾನು ಅಲ್ಲಿಗೆ ಹೋಗುತ್ತಿದ್ದುದು ನನ್ನ ತಾಯಿಗಾಗಿ. ನಾನಾಯ್ ಪೂರಿಂಗ್. ಸೊಂಟ ಮುರಿದು ಮಲಗಿದ ಮೇಲೆ ಆಕೆಗೆ ನಾನು ಓದಿ ಹೇಳಬೇಕಾಗಿತ್ತು. ಟ್ರೈಸಿಕಲ್ ಓಡಿಸುವವನು, “ಓ ನನ್ನ ಪ್ರಿಯೆ” ಎಂದು ಗಟ್ಟಿಯಾಗಿ ಓದಬೇಕು! ಪಕ್ಕದ ಮನೆಯವರು ರೇಡಿಯೋ ಆರಿಸಿ ಕೇಳುತ್ತಿದ್ದರು. ಕೊನೆಯ ಹಾಳೆಯನ್ನು ಮಾತ್ರ ನಾನು ಕಟ್ಟೆಯಲ್ಲಿ ಓದಿ, ನೆನಪಿಟ್ಟುಕೊಂಡು ಹೋಗಿ ಹೇಳುತ್ತಿದ್ದೆ. ಹೇಳುವಾಗ ಸ್ವಲ್ಪ ತಿದ್ದುತ್ತಿದ್ದೆ. ನಾಯಕಿ ಪಾದ್ರಿಯ ಅಡುಗೆಯವನನ್ನು ಮದುವೆಯಾಗುತ್ತಿದ್ದಳು. ನಾಯಕ ಹಡಗು ಹತ್ತಿ ಇಳಿಯುವುದನ್ನೇ ಮರೆಯುತ್ತಿದ್ದ. ನಾನಾಯ್ ನಗುತ್ತ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಒಂದು ಸಲ ಸಹಿ ಹಾಕುವ ಮೊದಲೇ, ಹಾಳೆಯನ್ನು ಓದದೆಯೇ, ನಾಯಕ ವೈದ್ಯವೃತ್ತಿ ಬಿಟ್ಟು ಮೀನಿನ ಹೊಂಡ ತೋಡಿದನೆಂದು ಹೇಳಿಬಿಟ್ಟೆ. ಆಕೆ ನನ್ನ ಕಿವಿ ಹಿಡಿದು, “ಇದು ನೀನೇ ಕಟ್ಟಿದ್ದು ಕಣೋ. ನಿಜವಾದ್ದನ್ನ ನಾಳೆ ಓದ್ಕೊಂಡು ಬಾ” ಅಂದಳು.

ಆ ನಾಳೆ ಬೆಳಿಗ್ಗೆ ಆಕೆ ಏಳಲಿಲ್ಲ.

ಕ್ಷಮಿಸಿ. ಇದು ನನ್ನ ಚೀಟಿಯಲ್ಲಿ ಇರಲಿಲ್ಲ. ಚೀಟಿಯಲ್ಲಿ ಇಲ್ಲಿ ಕಪಿತಾನರ ಬಗ್ಗೆ ಒಂದು ನಗೆಮಾತು ಇದೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮಣ್ಣು ಮಾಡಿದ ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿದ ಮರುದಿನ ನಾನು ಆ ಪುಸ್ತಕ ಹಿಂದಿರುಗಿಸಲು ಹೋದೆ. ಕೊನೆಯ ಹಾಳೆ ಕೇಳಲಿಲ್ಲ. ನನ್ನ ಬಾಯಿಂದ ಬಂದದ್ದು, “ನಾನಾಯ್‌ಗೆ ಇನ್ನೊಂದು ಕೊಡಿ.” ಆಲಿಂಗ್ ಚೋಲೆಂಗ್ ಆಕೆಯ ಶವಪೆಟ್ಟಿಗೆಯ ಪಕ್ಕದಲ್ಲಿ ಎರಡು ದಿನ ಕುಳಿತವರು. ಅವರು ನನ್ನ ಮುಖ ನೋಡಲಿಲ್ಲ. ರಿಜಿಸ್ಟರ್ ತೆರೆದು, ‘ಪೂರಿಂಗ್’ ಎಂದು ಬರೆದು, ಒಂದು ಪುಸ್ತಕ ತೆಗೆದುಕೊಟ್ಟರು. “ಇದ್ರಲ್ಲಿ ಅಳು ಕಡಿಮೆ ಇದೆ ಮಗಾ” ಅಂದರು. ಹಾಗೆ ಎರಡು ವರ್ಷ. ಎರಡು ವರ್ಷ ಅವರು ನನ್ನ ತಾಯಿಯ ಹೆಸರು ಬರೆದರು. ಒಂದು ಸಲವೂ, ಒಬ್ಬರಿಗೂ, ಒಂದು ಮಾತೂ ಹೇಳಲಿಲ್ಲ. ಅವರು ಊರಿಗೆ ಮಾಡಿದ ಉಪಕಾರವನ್ನು ಕಪಿತಾನರು ಹೇಳಿದರು. ನನಗೆ ಮಾಡಿದ್ದು ಇದು.

ಈಗ ಪರೀಕ್ಷೆಯ ಪ್ರಶ್ನೆಗೆ ಬರುತ್ತೇನೆ.

ಹೋದ ವರ್ಷ ಆಲಿಂಗ್ ಚೋಲೆಂಗ್‌ಗೆ ಕಣ್ಣಿನ ಪೊರೆ ಬಂದಾಗ ಬತಾಂಗಾಸ್‌ನಿಂದ ರೊವೆನಾ ಬಂದು ಕಟ್ಟೆಯಲ್ಲಿ ಕುಳಿತಳು. ದಪ್ಪ ಕನ್ನಡಕ, ಕೈಯಲ್ಲಿ ಅಡಿಪಟ್ಟಿ. ಹೆಂಗಸರನ್ನು ಸಾಲಾಗಿ ನಿಲ್ಲಿಸಿದಳು! ಕಾದಂಬರಿ ಓದದವಳು, ಎದೆಯಲ್ಲಿ ಇಟ್ಟಿಗೆ ಇರುವವಳು ಎಂದು ನಾನು ತೀರ್ಮಾನಿಸಿದೆ. ನಾನು ಎಂದಿನಂತೆ ತಾಯಿಗೆಂದು ಪುಸ್ತಕ ಕೇಳಿದೆ. ಆಕೆಗೆ ಅಷ್ಟರಲ್ಲಿ ಯಾರೋ ಹೇಳಿದ್ದರು. ಹದಿನಾಲ್ಕು ಜನರ ಮುಂದೆ ಆಕೆ, “ನಿಮ್ಮ ತಾಯಿ ತೀರ್ಕೊಂಡು ಎರಡು ವರ್ಷ ಆಯ್ತಂತೆ. ಹುಡುಗೀರ್ನ ನೋಡೋಕ್ ಬರೋದಾದ್ರೆ ತಾಯಿ ಹೆಸರು ಯಾಕ್ರೀ ಬೇಕು?” ಎಂದಳು.

ಅದು ಹನ್ನೆರಡನೆಯ ಪುಟ. ಕೆಸರು ನನ್ನ ಮೇಲೆ ಬಿತ್ತು.

ಈಗ ನಿಜ. ಆ ವಾರ ಆಕೆ ಊಟಕ್ಕೆ ಎದ್ದಾಗಲೆಲ್ಲ ಡಬ್ಬಿಯೊಳಗಿನ ಹಾಳೆಗಳ ಸಂಖ್ಯೆಗಳನ್ನು ಅಳಿಸಿ ಬೇರೆ ಬರೆದದ್ದು ಇಲಿಯಲ್ಲ, ಸೈತಾನನಲ್ಲ, ಎದುರಿನ ಅಂಗಡಿಯವರೂ ಅಲ್ಲ. ನಾನು. ಆಲಿಂಗ್ ಇಸಿಯಾಂಗ್, ನಿಮ್ಮ ಕುರುಡಿ ನಾಯಕಿ ಕೊನೆಯ ಹಾಳೆಯಲ್ಲಿ ಬಸ್ ಓಡಿಸಿಕೊಂಡು ಹೋದದ್ದು ನನ್ನಿಂದ. ನೀವು ಪುಸ್ತಕವನ್ನು ರೊವೆನಾಳ ಮೇಲೆ ಎಸೆದದ್ದೂ ನನ್ನಿಂದ. ಊರೆಲ್ಲ ಆಕೆಯನ್ನು ಬೈಯಿತು. ನಾನು ಸ್ಟ್ಯಾಂಡಿನಲ್ಲಿ ಕುಳಿತು ಕಡಲೆಕಾಯಿ ತಿಂದೆ.

ಆಕೆ ಏನು ಮಾಡಿದಳು? ಒಂದೊಂದೇ ಪುಸ್ತಕ ಓದಿದಳು. ಯಾವ ಹಾಳೆ ಯಾವುದಕ್ಕೆ ಸೇರಿದ್ದೆಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ಮುನ್ನೂರು ಪುಸ್ತಕ, ಮೂರು ತಿಂಗಳು. ಪ್ರಯಾಣಿಕರನ್ನು ಇಳಿಸಿ ಹೋಗುವಾಗಲೆಲ್ಲ ನೋಡುತ್ತಿದ್ದೆ. ಮೊದಲ ವಾರ ಮುಖ ಗಂಟು. ಎರಡನೆಯ ವಾರ ಕನ್ನಡಕ ತೆಗೆದು ಒರೆಸುತ್ತಿದ್ದಳು. ಎದೆಯಲ್ಲಿ ಇಟ್ಟಿಗೆ ಇರುವವರು ಕನ್ನಡಕವನ್ನು ಅಷ್ಟು ಸಲ ಒರೆಸುತ್ತಾರೆಯೇ?

ಒಂದು ದಿನ ಆಕೆ ನೇರ ಸ್ಟ್ಯಾಂಡಿಗೆ ಬಂದಳು. ಪೊಲೀಸರು ಹಿಂದೆ ಬರುತ್ತಿದ್ದಾರೆಂದುಕೊಂಡು ನಾನು ಗಾಡಿ ಚಾಲೂ ಮಾಡಿದೆ. ಆಕೆ ಹ್ಯಾಂಡಲ್ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ನಂಬರ್ ತಿದ್ದಿದ್ದು ನೀವು ಅಂತ ಗೊತ್ತು. ಆ ಏಳರ ಅಂಕಿ, ನೀವು ಸಹಿ ಪಕ್ಕ ತಾರೀಕು ಬರೆಯೋ ಏಳೇ. ಅದಕ್ಕೆ ಬಂದಿಲ್ಲ. ರಿಜಿಸ್ಟರ್‌ನಲ್ಲಿ ನಿಮ್ಮ ತಾಯಿ ಹೆಸರಿನ ಮುಂದೆ ಎಲ್ಲ ಕಡೆ ಸಹಿ ಇದೆ. ಒಂದು ಪುಸ್ತಕಕ್ಕೆ ಮಾತ್ರ ಇಲ್ಲ. ದಿನ ನೋಡ್ದೆ. ಅತ್ತೆ ಹತ್ರ ಕೇಳ್ದೆ. ಆ ಹಾಳೆ ಬೇರೆ ತೆಗೆದಿಟ್ಟಿದೀನಿ. ಯಾವಾಗ ಬೇಕಾದ್ರೂ ಬನ್ನಿ.” ಹ್ಯಾಂಡಲ್ ಬಿಡುತ್ತ, “ಅವತ್ತು ಹಂಗೆ ಅನ್ನಬಾರದಿತ್ತು” ಎಂದಳು.

ಅದು ತೊಂಬತ್ತನೆಯ ಪುಟ. ಕಾಗದವೂ ಅಲ್ಲ, ಜ್ವರವೂ ಅಲ್ಲ. ಒಂದು ಖಾಲಿ ಬಿಟ್ಟ ಸಹಿಯ ಜಾಗ.

ನನ್ನ ಹೆಸರನ್ನು ಆಕೆ ಊರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಈ ಗಳಿಗೆಯವರೆಗೂ ಬೈಗುಳವನ್ನು ತಾನೇ ಇಟ್ಟುಕೊಂಡಳು. ಒಬ್ಬರು ನನ್ನ ದುಃಖವನ್ನು ಮುಚ್ಚಿಟ್ಟರು, ಇನ್ನೊಬ್ಬಳು ನನ್ನ ತಪ್ಪನ್ನು. ಹೀಗೆ ಸುಮ್ಮನಿರುವುದು ಆ ಮನೆತನದ ಹೆಂಗಸರಿಗೆ ಎಲ್ಲಿಂದ ಬಂತೋ ತಿಳಿಯದು. ನನಗಂತೂ ಬಂದಿಲ್ಲ, ಅಡುಗೆಯವರು ಎರಡು ಸಲ ಗಡಿಯಾರ ತೋರಿಸಿದರು.

ಆಲಿಂಗ್ ಚೋಲೆಂಗ್, ನಾಳೆಯಿಂದ ಅಂಗಡಿ ಇಲ್ಲ. ನೀವು ಇವತ್ತು ಎಲ್ಲರಿಗೂ ಅವರವರ ಮೆಚ್ಚಿನ ಪುಸ್ತಕವನ್ನು ಹಾಳೆ ಅಂಟಿಸಿ ಕೊಟ್ಟಿರಿ. ನನ್ನದೊಂದು ಡಬ್ಬಿಯಲ್ಲಿ ಉಳಿದಿದೆ. ರೊವೆನಾ ಕರೆದ ಮೇಲೂ ನಾನು ಅದನ್ನು ಕೇಳಲಿಲ್ಲ. ಓದಿದರೆ ಹೋಗಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಈಗ, ಇರಬಹುದೇನೋ ಎಂಬ ಆಸೆ ಇದೆ.

ನಿಮ್ಮ ಪ್ರಶ್ನೆಗೆ ಉತ್ತರ: ಮೊದಲು ತಪ್ಪು ತಿಳಿದವನು ನಾನು. ಆಕೆ ತಪ್ಪು ತಿಳಿದದ್ದು ಒಂದು ಮಾತಿನಷ್ಟು, ನಾನು ಮುನ್ನೂರು ಪುಸ್ತಕದಷ್ಟು. ಆಕೆ ತನ್ನದನ್ನು ಸ್ಟ್ಯಾಂಡಿಗೆ ನಡೆದು ಬಂದು ತಿದ್ದಿಕೊಂಡಳು. ನನಗೆ ಧ್ವನಿವರ್ಧಕ ಬೇಕಾಯಿತು.

ಇಷ್ಟು ಹೊತ್ತು ಹಸಿವು ತಡೆದ ಅಧ್ಯಕ್ಷರಿಗೆ, ಪಾದ್ರಿಗಳಿಗೆ, ಇನ್ನೂ ಏನನ್ನೂ ಎಸೆಯದ ಆಲಿಂಗ್ ಇಸಿಯಾಂಗ್ ಅವರಿಗೆ, ನನ್ನ ತಾಯಿಯ ಹೆಸರನ್ನು ಎರಡು ವರ್ಷ ಬರೆದ ಆ ಕೈಗೆ ನನ್ನ ವಂದನೆಗಳು. ಇನ್ನೂ ಒಂದು ಮಾತು ಇತ್ತು. ಆದರೆ ವೇದಿಕೆಯ ಆ ತುದಿಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಆಕೆ ಎದ್ದು ಇತ್ತಲೇ ಬರುತ್ತಿದ್ದಾಳೆ, ಕೈಯಲ್ಲಿ ಹಾಳೆ ಇದೆ, ಮತ್ತೆ ಕನ್ನಡಕ ಒರೆಸುತ್ತಿದ್ದಾಳೆ.

ಕೊನೆಯ ಹಾಳೆಯನ್ನು ನಿಂತೇ ಓದಬೇಕೆಂಬುದು ನಿಯಮ. ನಾನು ನಿಂತೇ ಇದ್ದೇನೆ. ನೀವು ಊಟಕ್ಕೆ ಏಳಿ.

ನಮಸ್ಕಾರ.